ಹಠ ಹಿಡಿಯುವ ಆ ಒಂದು ಸಾಫ್ಟ್‌ವೇರ್

ಲ್ಯಾಪ್‌ಟಾಪೋ ಟ್ಯಾಬೋ ಕೊಳ್ಳೋಣ ಅಂತ ಅಂಗಡಿಗೆ ಹೋದರೆ ಮೊದಲು ಕೇಳುವುದು ಬಜೆಟ್ ಎಷ್ಟು ಅಂತ. ಆಮೇಲೆ ಯಾವ ಕಂಪನಿಯದು ಬೇಕು, ಎಷ್ಟು ಜಿಬಿ ರ್‍ಯಾಮ್ ಬೇಕು ಅಂತ. ಚಿಕ್ಕಮಗಳೂರಿನ ಐಜಿ ರಸ್ತೆಯಲ್ಲೂ ಹೀಗೇ, ಹಾಸನದ ಬಿಎಂ ರಸ್ತೆಯಲ್ಲೂ ಹೀಗೇ. ಅಂಗಡಿಯವರದ್ದೇನೂ ತಪ್ಪಿಲ್ಲ. ಕೊಳ್ಳಲು ಹೋಗುವ ನಾವೂ ಅಷ್ಟನ್ನೇ ಹೇಳುತ್ತೇವೆ. 40 ಸಾವಿರದೊಳಗೆ ಒಂದು ಒಳ್ಳೇದು ತೋರಿಸಿ ಅನ್ನುತ್ತೇವೆ. ಅದರಲ್ಲಿ ಏನು ಓಡಿಸುತ್ತೇವೆ ಅನ್ನೋದು ಮಾತಿಗೇ ಬರುವುದಿಲ್ಲ. ಮನೆಗೆ ತಂದು ಒಂದು ವಾರ ಆದ ಮೇಲೆ ಆ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಬಿಲ್ ಆಗಿರುತ್ತದೆ.

ನಾನು ಚಿಕ್ಕಮಗಳೂರಿನಲ್ಲಿ ತೋಟಗಳ ಮತ್ತು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತಿರುವವನು ಅಂತ ಜನ ನನ್ನನ್ನು ಕೇಳುತ್ತಾರೆ. ಯಾವುದು ತಗೊಳ್ಳಲಿ ಅಂತ. ನಾನು ಯಾವ ಮಾಡೆಲ್ಲಿನ ಹೆಸರನ್ನೂ ಹೇಳುವುದಿಲ್ಲ. ಒಂದು ಹಾಳೆ ಕೊಟ್ಟು, ನೀವು ಅದರಲ್ಲಿ ಮಾಡುವ ಕೆಲಸವನ್ನೆಲ್ಲ ಬರೆಯಿರಿ ಅನ್ನುತ್ತೇನೆ. ಪ್ರತಿ ಕೆಲಸದ ಮುಂದೆ ಯಾವ ಸಾಫ್ಟ್‌ವೇರ್ ಅಂತ ಬರೆಯಿರಿ ಅನ್ನುತ್ತೇನೆ.

ಆ ಪಟ್ಟಿ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಥರ ಇರುತ್ತದೆ. ವಾಟ್ಸಾಪ್, ಇಮೇಲ್, ಯೂಟ್ಯೂಬ್, ಬ್ಯಾಂಕಿನ ವೆಬ್‌ಸೈಟ್, ಪಿಡಿಎಫ್ ಓದುವುದು, ಫೋಟೊ ಇಟ್ಟುಕೊಳ್ಳುವುದು. ಇವೆಲ್ಲ ಎಲ್ಲಿ ಬೇಕಾದರೂ ಓಡುತ್ತವೆ. ಆಂಡ್ರಾಯ್ಡ್ ಟ್ಯಾಬ್ ಆಗಲಿ, ಐಪ್ಯಾಡ್ ಆಗಲಿ, ಕ್ರೋಮ್‌ಬುಕ್ ಆಗಲಿ, ವಿಂಡೋಸ್ ಆಗಲಿ, ಇವುಗಳ ಮಟ್ಟಿಗೆ ವ್ಯತ್ಯಾಸ ಕಮ್ಮಿ. ಆದರೆ ಪಟ್ಟಿಯ ಕೊನೆಯಲ್ಲಿ, ಸುಮ್ನೆ ನೆನಪಾಗಿ ಬರೆದಂತೆ, ಒಂದು ಹೆಸರು ಇರುತ್ತದೆ. ಅದು ಒಂದೇ ಕಡೆ ಓಡುವಂಥದ್ದು. ಬೇರೆಲ್ಲಾ ಹೊಂದಿಕೊಂಡರೂ ಅದು ಹೊಂದಿಕೊಳ್ಳುವುದಿಲ್ಲ. ಯಾವ ಯಂತ್ರ ಕೊಳ್ಳಬೇಕು ಅಂತ ನಿರ್ಧಾರ ಮಾಡುವುದು ಅದೇ. ಉಳಿದ ಹತ್ತು ಸಾಫ್ಟ್‌ವೇರ್‌ಗಳಿಗೆ ಇದರಲ್ಲಿ ಓಟಿಲ್ಲ.

ನನ್ನ ಕಸುಬಿನಿಂದಲೇ ಶುರು ಮಾಡುತ್ತೇನೆ. ನಮ್ಮಲ್ಲಿ ಹಠ ಹಿಡಿಯುವುದು ವ್ಯಾಪಾರದ ಲೆಕ್ಕ ಬರೆಯುವ ಟ್ಯಾಲಿ. ಬೆಂಗಳೂರಿನ ಕಂಪನಿಯದು. ಈಗಿನ ಟ್ಯಾಲಿ ಪ್ರೈಮ್ ಬಂದದ್ದು 2020ರಲ್ಲಿ. ಅದು ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಮ್ಯಾಕ್‌ನಲ್ಲಿ, ಐಪ್ಯಾಡ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಅದನ್ನು ನೇರವಾಗಿ ಹಾಕಿಕೊಳ್ಳಲು ಆಗುವುದಿಲ್ಲ. ಬ್ರೌಸರ್ ಮೂಲಕ ವರದಿಗಳನ್ನು ನೋಡುವ ಸೌಲಭ್ಯ ಇದೆ. ಮಾಲೀಕರಿಗೆ ಅಷ್ಟು ಸಾಕಾಗಬಹುದು. ಬಾಕಿ ಎಷ್ಟಿದೆ, ಸ್ಟಾಕ್ ಎಷ್ಟಿದೆ ಅಂತ ಕೂತಲ್ಲೇ ನೋಡಬಹುದು. ಆದರೆ ಎಂಟ್ರಿ ಹಾಕುವವರಿಗೆ ಅದು ಪ್ರಯೋಜನವಿಲ್ಲ. ಬೇರೆ ಕಡೆ ಸರ್ವರ್‌ನಲ್ಲಿ ಟ್ಯಾಲಿ ಇಟ್ಟುಕೊಂಡು ಇಂಟರ್ನೆಟ್ ಮೂಲಕ ಬಳಸುವ ದಾರಿಯೂ ಉಂಟು. ಆಗ ಟ್ಯಾಬ್ ಆದರೂ ನಡೆಯುತ್ತದೆ. ಬದಲಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ನೆಟ್ ಯಾವಾಗಲೂ ಗಟ್ಟಿಯಾಗಿರಬೇಕು. ಆಷಾಢದ ಮಳೆಯಲ್ಲಿ ನಮ್ಮ ಕಡೆಯ ನೆಟ್‌ವರ್ಕ್ ನಂಬಿಕೊಂಡು ಜಿಎಸ್‌ಟಿ ಕೊನೆಯ ದಿನ ಕಾಯುವುದು ನನ್ನಿಂದ ಆಗದ ಮಾತು.

ಟ್ಯಾಲಿಯ ಜೊತೆಗೇ ಬರುವ ಇನ್ನೊಂದು ಡಿಎಸ್‌ಸಿ. ಪೆನ್ ಡ್ರೈವ್ ಥರ ಇರುವ ಡಾಂಗಲ್‌ನಲ್ಲಿ ಡಿಜಿಟಲ್ ಸಹಿ ಇಟ್ಟುಕೊಟ್ಟಿರುತ್ತಾರೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವಾಗ ಒಬ್ಬರೇ ಮಾಲೀಕರಾಗಿರುವ ಅಂಗಡಿಯವರಿಗೆ ಮೊಬೈಲ್‌ಗೆ ಬರುವ ಓಟಿಪಿ ಸಾಕು. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ಸಾಮಾನ್ಯವಾಗಿ ಡಿಎಸ್‌ಸಿಯೇ ಬೇಕು. ಡಾಂಗಲ್ ಅಂದ ಮೇಲೆ ಯುಎಸ್‌ಬಿ ಕಿಂಡಿ ಬೇಕು, ಡಾಂಗಲ್ಲನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಬೇಕು, ಸಹಿ ಹಾಕಿಸುವ ಪುಟ್ಟ ಸಾಫ್ಟ್‌ವೇರ್ ಕಂಪ್ಯೂಟರ್‌ನಲ್ಲಿ ಓಡುತ್ತಿರಬೇಕು. ಟ್ಯಾಬ್ ಎಷ್ಟೇ ದುಬಾರಿಯದ್ದಾಗಿರಲಿ, ಇಲ್ಲಿಗೆ ಬಂದಾಗ ನಿಂತುಹೋಗುತ್ತದೆ. ಹಾಗಾಗಿ ಒಬ್ಬರೇ ನಡೆಸುವ ಕಿರಾಣಿ ಅಂಗಡಿಗೂ, ಅಣ್ಣತಮ್ಮಂದಿರು ಸೇರಿ ಕಂಪನಿ ಮಾಡಿಕೊಂಡ ಕಾಫಿ ಪುಡಿ ವ್ಯಾಪಾರಕ್ಕೂ ನಾನು ಒಂದೇ ಉತ್ತರ ಕೊಡಲಾರೆ. ವ್ಯಾಪಾರದ ಗಾತ್ರ ಎರಡೂ ಕಡೆ ಅಷ್ಟಷ್ಟೇ ಇರಬಹುದು. ಸಹಿ ಹಾಕುವ ರೀತಿ ಬೇರೆ, ಅದಕ್ಕೇ ಯಂತ್ರವೂ ಬೇರೆ.

ಎಕ್ಸೆಲ್ ಬಗ್ಗೆ ಎಲ್ಲರಿಗೂ ಒಂದು ಧೈರ್ಯ ಇದೆ. ಎಕ್ಸೆಲ್ ತಾನೆ, ಟ್ಯಾಬ್‌ನಲ್ಲೂ ಇದೆ ಅನ್ನುತ್ತಾರೆ. ಇದೆ, ನಿಜ. ಆದರೆ ಮ್ಯಾಕ್ರೊ, ಅಂದರೆ ಬಟನ್ ಒತ್ತಿದರೆ ಕೆಲಸವನ್ನೆಲ್ಲ ತಾನೇ ಮಾಡುವ ಪುಟ್ಟ ಪ್ರೋಗ್ರಾಂ, ಇರುವ ಶೀಟು ಟ್ಯಾಬ್‌ನ ಎಕ್ಸೆಲ್‌ನಲ್ಲಿ ಓಡುವುದಿಲ್ಲ. ಐಪ್ಯಾಡ್‌ನಲ್ಲೂ ಇಲ್ಲ, ಆಂಡ್ರಾಯ್ಡ್‌ನಲ್ಲೂ ಇಲ್ಲ, ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲೂ ಇಲ್ಲ. ಶೀಟು ತೆರೆಯುತ್ತದೆ, ಅಂಕಿಗಳು ಕಾಣುತ್ತವೆ, ಒತ್ತಬೇಕಾದ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆ ಮಾಡಿಕೊಟ್ಟ ಸಂಬಳದ ಶೀಟು ಎಷ್ಟೋ ತೋಟಗಳಲ್ಲಿ ಇನ್ನೂ ನಡೆಯುತ್ತಿದೆ. ಅದರಲ್ಲಿ ಮ್ಯಾಕ್ರೊ ಇದೆಯೋ ಇಲ್ಲವೋ ಅಂತ ಅದನ್ನು ಬಳಸುವ, ತೋಟದ ಲೆಕ್ಕ ಬರೆಯುವ ರೈಟರಿಗೂ ಗೊತ್ತಿರುವುದಿಲ್ಲ. ತೆರೆಯುವಾಗ ಮೇಲೆ ಹಳದಿ ಪಟ್ಟಿಯಲ್ಲಿ ಮ್ಯಾಕ್ರೊ ಬಗ್ಗೆ ಎಚ್ಚರಿಕೆ ಬಂದು, ಅನುಮತಿ ಕೊಡಿ ಅಂತ ಕೇಳುತ್ತದಾ ನೋಡಿ. ಕೇಳಿದರೆ ನಿಮ್ಮ ಪಟ್ಟಿಯ ಹಠಮಾರಿ ಸಿಕ್ಕಿತು ಅಂತ ಲೆಕ್ಕ.

ಇನ್ನೊಂದು ಸಣ್ಣ ವಿಷಯ. ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್ ಆ್ಯಪ್‌ಗಳಲ್ಲಿ ಪುಕ್ಕಟೆಯಾಗಿ ತಿದ್ದುವ ಅವಕಾಶ ಇರುವುದು 10.1 ಇಂಚಿನವರೆಗಿನ ಪರದೆಗೆ. ಅದಕ್ಕಿಂತ ದೊಡ್ಡ ಟ್ಯಾಬ್ ಆದರೆ ಚಂದಾ ಕಟ್ಟಬೇಕು. ದೊಡ್ಡ ಪರದೆ ಚೆನ್ನಾಗಿ ಕಾಣುತ್ತದೆ ಅಂತ 11 ಇಂಚಿನದು ತಂದವರಿಗೆ ಇದು ಆಮೇಲೆ ತಿಳಿಯುತ್ತದೆ.

ನೋಡಲು ವಿಂಡೋಸ್ ಥರ ಇದ್ದ ಮಾತ್ರಕ್ಕೆ ವಿಂಡೋಸ್ ಸಾಫ್ಟ್‌ವೇರ್ ಎಲ್ಲ ಓಡುತ್ತದೆ ಅಂತಲೂ ಅಲ್ಲ. ಇದಕ್ಕೆ ಒಂದು ದೊಡ್ಡ ಕಥೆಯೇ ಇದೆ. 2012ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸರ್ಫೇಸ್ ಆರ್‌ಟಿ ಅನ್ನುವ ಟ್ಯಾಬ್ ತಂದಿತು. ಪರದೆ ನೋಡಿದರೆ ವಿಂಡೋಸ್. ಆಫೀಸ್ ಕೂಡ ಒಳಗೇ ಇತ್ತು. ಆದರೆ ಒಳಗಿನ ಚಿಪ್ ಮಾಮೂಲಿ ಲ್ಯಾಪ್‌ಟಾಪ್‌ಗಳದ್ದಲ್ಲ, ಮೊಬೈಲ್‌ಗಳಲ್ಲಿ ಇರುವ ಆರ್ಮ್ ಜಾತಿಯದು. ಜನರ ಬಳಿ ಇದ್ದ ಹಳೆಯ ವಿಂಡೋಸ್ ಸಾಫ್ಟ್‌ವೇರ್ ಯಾವುದೂ ಅದರಲ್ಲಿ ಹಾಕಲು ಬರುತ್ತಿರಲಿಲ್ಲ. ಮರುವರ್ಷ ಜುಲೈನಲ್ಲಿ ಆ ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಅಷ್ಟು ದೊಡ್ಡ ಕಂಪನಿ, ಅಷ್ಟು ಚಂದದ ಯಂತ್ರ. ಹಳೆಯ ಸಾಫ್ಟ್‌ವೇರ್ ಓಡಲಿಲ್ಲ ಅನ್ನುವುದು ಅದು ಸೋತದ್ದಕ್ಕೆ ಒಂದು ದೊಡ್ಡ ಕಾರಣ.

ಈಗಿನ ಆರ್ಮ್ ಲ್ಯಾಪ್‌ಟಾಪ್‌ಗಳು ಅಷ್ಟು ಕಷ್ಟ ಕೊಡುವುದಿಲ್ಲ. 2024ರಿಂದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಅನ್ನುವ ಆರ್ಮ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬರುತ್ತಿವೆ. ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಬಿಸಿ ಆಗುವುದು ಕಮ್ಮಿ. ಹಳೆಯ ಸಾಫ್ಟ್‌ವೇರ್‌ಗಳನ್ನು ಒಳಗೊಳಗೇ ತರ್ಜುಮೆ ಮಾಡಿಕೊಂಡು ಓಡಿಸುವ ವ್ಯವಸ್ಥೆ ಇದೆ. ಬಹಳಷ್ಟು ಓಡುತ್ತವೆ ಕೂಡ. ಆದರೆ ಡ್ರೈವರ್‌ಗಳಿಗೆ ಈ ತರ್ಜುಮೆ ಇಲ್ಲ. ಹಳೆಯ ಪ್ರಿಂಟರ್, ಸ್ಕ್ಯಾನರ್, ಡಿಎಸ್‌ಸಿ ಡಾಂಗಲ್ ಇವುಗಳ ಡ್ರೈವರ್ ಆರ್ಮ್‌ಗೆಂದೇ ಬೇರೆ ಬಂದಿರಬೇಕು. ಬರೀ ಬರೆಯುವ, ಓದುವ ಕೆಲಸದವರಿಗೆ ನಾನು ಇವುಗಳನ್ನು ಧೈರ್ಯವಾಗಿ ಹೇಳುತ್ತೇನೆ. ಮೇಜಿನ ಮೇಲೆ ಹಳೆಯ ಪ್ರಿಂಟರ್ ಇಟ್ಟುಕೊಂಡು ಡಾಂಗಲ್ ಚುಚ್ಚುವವರಿಗೆ ಹೇಳುವುದಿಲ್ಲ.

ಕಮ್ಮಿ ಬೆಲೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಎಸ್ ಮೋಡ್‌ನಲ್ಲಿ ಬರುತ್ತದೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಬಿಟ್ಟು ಬೇರೇನೂ ಹಾಕಲಾಗುವುದಿಲ್ಲ. ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಹೋಗಿ ಆ ಮೋಡ್‌ನಿಂದ ಹೊರಗೆ ಬರಬಹುದು, ದುಡ್ಡು ಕೊಡಬೇಕಾಗಿಲ್ಲ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗಲಾಗುವುದಿಲ್ಲ, ಅಷ್ಟೆ.

ಇನ್ನು ಕನ್ನಡದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಲ್ಯಾಪ್‌ಟಾಪ್ ಆರಿಸುವುದು ಹೇಗೆ ಅಂತ ಇಂಗ್ಲಿಷ್‌ನಲ್ಲಿ ಹೇಳಿಕೊಡುವವರು ಯಾರೂ ಇದನ್ನು ಹೇಳುವುದಿಲ್ಲ.

ಹಾಸನದಲ್ಲಿ ನನಗೆ ಪರಿಚಯದ ಅಕ್ಕ ಒಬ್ಬರು ಡಿಟಿಪಿ ಸೆಂಟರ್ ನಡೆಸುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಪಂಚಾಯಿತಿ ಚುನಾವಣೆ ಬಂದರೆ ಪಾಂಪ್ಲೆಟ್. ಗಿರಾಕಿಗಳ ಮನೆಗೇ ಹೋಗಿ ಕಾರ್ಡು ತೋರಿಸಿ, ಅಲ್ಲೇ ಹೆಸರು ತಿದ್ದಿ ಕೊಡೋಣ ಅಂತ ಪೆನ್ ಇರುವ ಟ್ಯಾಬ್ ಕೊಳ್ಳುವ ಆಸೆ ಅವರಿಗೆ. ಆಸೆ ಸರಿಯಾಗಿಯೇ ಇದೆ. ಮದುವೆ ಮನೆಯಲ್ಲಿ ಹಿರಿಯರೆಲ್ಲ ಒಟ್ಟಿಗೆ ಕೂತಾಗಲೇ ಹೆಸರುಗಳು ಪಕ್ಕಾ ಆಗುವುದು.

ಅವರ ಅಂಗಡಿಯ ಕೆಲಸವೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್‌ನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಹೊಸ ಆವೃತ್ತಿ ಬರಲಿಲ್ಲ. ಆದರೂ ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಅದು ಇವತ್ತಿಗೂ ಉಸಿರಾಡುತ್ತಿದೆ. ಕಾರಣ ಇದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಕಂಪ್ಯೂಟರ್‌ಗಳು ಅದನ್ನು ಸರಿಯಾಗಿ ತೋರಿಸುವ ಹೊತ್ತಿಗೆ ಇನ್ನೂ ಹತ್ತು ವರ್ಷ ಹೋಯಿತು. ಆ ಹೊತ್ತಿಗೆ ನಮ್ಮವರು ಕಾಯುತ್ತಾ ಕೂರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಅನ್ನುವ ಸಾಫ್ಟ್‌ವೇರ್ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟು ಮಾಡಿದ ಫಾಂಟ್‌ಗಳಲ್ಲಿ ಒಂದು ಇಡೀ ತಲೆಮಾರಿನ ಕನ್ನಡ ಮುದ್ರಣ ನಡೆಯಿತು. ಅವರು ಮಾಡಿದ ಕೆಲಸದ ಬಗ್ಗೆ ನನಗೆ ತುಂಬ ಗೌರವ ಇದೆ. ಅದಿಲ್ಲದಿದ್ದರೆ ಆ ವರ್ಷಗಳಲ್ಲಿ ಕಂಪ್ಯೂಟರ್‌ನಲ್ಲಿ ಕನ್ನಡವೇ ಇರುತ್ತಿರಲಿಲ್ಲ.

ತೊಂದರೆ ಬರುವುದು ಆ ಫೈಲು ಯಂತ್ರ ಬದಲಾಯಿಸಿದಾಗ. ಆ ಫಾಂಟ್ ಇಲ್ಲದ ಕಡೆ ಫೈಲು ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ಕೊಂಬು ಕೊಕ್ಕೆ ಚಿಹ್ನೆಗಳ ರಾಶಿ ಕಾಣುತ್ತದೆ. ಐಪ್ಯಾಡ್‌ನಲ್ಲಿ ಹೊರಗಿನ ಫಾಂಟ್ ಹಾಕಿಕೊಳ್ಳುವ ದಾರಿ ಇದೆ. ಅಕ್ಷರ ಕಾಣಿಸಬಹುದು. ಆದರೆ ಪೇಜ್‌ಮೇಕರ್ ಇಲ್ಲ, ನುಡಿಯ ಕೀಲಿಮಣೆ ಇಲ್ಲ. ಹೆಸರು ತಿದ್ದುವುದು ಹೇಗೆ? ಟ್ಯಾಬ್‌ಗಳಲ್ಲಿ ಟೈಪ್ ಮಾಡುವ ಕನ್ನಡ ಯೂನಿಕೋಡ್. ಅಂಗಡಿಯ ಫೈಲುಗಳಲ್ಲಿ ಇರುವ ಕನ್ನಡ ಹಳೆಯ ಆಸ್ಕಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ.

ಬದಲಾಯಿಸಿಕೊಂಡರೆ ಆಯಿತಲ್ಲ ಅಂತ ಯಾರಾದರೂ ಹೇಳಬಹುದು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಇವೆ, ನಿಜ. ಆದರೆ ಅರ್ಕಾವತ್ತು ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಚೆಗೆ ಕೂರುವ ಚಿಹ್ನೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ, ಆಮೇಲೆ ಅಕ್ಷರ. ಪರಿವರ್ತಕ ಪ್ರತಿ ಪದದಲ್ಲೂ ಈ ಜಾಗ ಬದಲಾಯಿಸಬೇಕು. ಒಂದು ಕಡೆ ತಪ್ಪಿದರೂ ಲಗ್ನಪತ್ರಿಕೆಯಲ್ಲಿ ಮನೆತನದ ಹೆಸರೇ ಕೆಡುತ್ತದೆ. ಪರಿವರ್ತನೆ ಆದ ಪ್ರತಿ ಪುಟವನ್ನೂ ಮತ್ತೆ ಕಣ್ಣಿಟ್ಟು ಓದಲೇಬೇಕು. ವರ್ಷಗಟ್ಟಲೆ ಕೂಡಿಟ್ಟ ಫೈಲುಗಳನ್ನೆಲ್ಲ ಹೀಗೆ ಒಂದೇ ಸಲ ಮಾಡುತ್ತೇನೆ ಅಂದರೆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ.

ನಾವಿಬ್ಬರೂ ಕೂತು ಮಾತಾಡಿ ಹೀಗೆ ಮಾಡಿದೆವು. ಅಂಗಡಿಯ ವಿಂಡೋಸ್ ಕಂಪ್ಯೂಟರ್ ಅಲ್ಲೇ ಇರಲಿ, ಪೇಜ್‌ಮೇಕರ್ ಅದರಲ್ಲೇ ಇರಲಿ. ಕಾರ್ಡನ್ನು ಪಿಡಿಎಫ್ ಮಾಡಿ ಟ್ಯಾಬ್‌ಗೆ ಕಳಿಸಿಕೊಳ್ಳಲಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಂಡಿರುತ್ತದೆ, ಎಲ್ಲಿ ತೆರೆದರೂ ಅಕ್ಷರ ಚೆದುರುವುದಿಲ್ಲ. ಗಿರಾಕಿಯ ಮನೆಯಲ್ಲಿ ಅದರ ಮೇಲೇ ಪೆನ್ನಿನಿಂದ ತಪ್ಪು ಗುರುತು ಮಾಡಿಕೊಳ್ಳಲಿ. ತಿದ್ದುವುದು ಅಂಗಡಿಗೆ ಬಂದ ಮೇಲೆ. ಇಷ್ಟಕ್ಕೆ ದುಬಾರಿ ಟ್ಯಾಬ್ ಬೇಕಾಗಿಲ್ಲ. ಅವರು ಸಾಧಾರಣ ಬೆಲೆಯದು ಕೊಂಡರು. ಉಳಿದ ದುಡ್ಡು ಪ್ರಿಂಟರ್‌ಗೆ ಹೋಯಿತು. ಹೊಸ ಕೆಲಸಗಳನ್ನು ಈಗ ಯೂನಿಕೋಡ್‌ನಲ್ಲೇ ಮಾಡಲು ಶುರು ಮಾಡಿದ್ದಾರೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇರುವುದರಿಂದ ಕೈಗೆ ಅಭ್ಯಾಸವಾದ ಕೀಲಿಮಣೆ ಬಿಡಬೇಕಾಗಲಿಲ್ಲ. ಇನ್ನು ಕೆಲವು ವರ್ಷಕ್ಕೆ ಅವರ ಅಂಗಡಿ ಯಾವ ಯಂತ್ರಕ್ಕೆ ಬೇಕಾದರೂ ಹೋಗಬಹುದು. ಇವತ್ತಿಗಂತೂ ಆಗುವುದಿಲ್ಲ.

ಕನ್ನಡದಲ್ಲಿ ಉದ್ದಕ್ಕೆ ಬರೆಯುವವರಿಗೆ ಇನ್ನೊಂದು ಮಾತು. ಟ್ಯಾಬ್‌ನ ಪರದೆಯ ಮೇಲಿನ ಕೀಲಿಮಣೆಯಲ್ಲಿ ಕನ್ನಡ ತುಂಬ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಬಹುದು, ಬೆರಳಲ್ಲಿ ಗೀಚಿ ಬರಿಸಬಹುದು, ಮಾತಾಡಿಯೂ ಬರಿಸಬಹುದು. ಹಾಗಂತ ಹೊರಗಿನ ಕೀಬೋರ್ಡ್ ಸಿಕ್ಕಿಸಿದಾಗಲೂ ಅದೇ ಸುಖ ಸಿಗುತ್ತದೆ ಅಂದುಕೊಳ್ಳಬೇಡಿ. ಟ್ಯಾಬ್ ಜೊತೆ ಮಡಚುವ ಕೀಬೋರ್ಡಿಗೂ ದುಡ್ಡು ಕೊಡುವ ಮೊದಲು, ಅದೇ ಕೀಬೋರ್ಡಿನಲ್ಲಿ ಎರಡು ಸಾಲು ಕನ್ನಡ ಹೊಡೆದು ನೋಡಿ. ಬೇಲೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರು ಒಬ್ಬರು ತಮ್ಮ ಊರಿನ ಚರಿತ್ರೆ ಬರೆಯುತ್ತಿದ್ದಾರೆ. ಹಲ್ಮಿಡಿ ಶಾಸನ ಸಿಕ್ಕ ತಾಲ್ಲೂಕು ಅದು, ಬರೆಯಲು ಏನು ಕಮ್ಮಿ. ಅವರಿಗೆ ಓದುವುದು ಜಾಸ್ತಿ, ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಅದಕ್ಕೆ ಟ್ಯಾಬ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಬರೆಯಲು ಮಾತ್ರ ಅವರ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪೇ ಸಾಕಾಯಿತು. ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟೆವು. ಕೆ.ಪಿ. ರಾವ್ ವಿನ್ಯಾಸ ಅದರಲ್ಲೂ ಸಿಗುತ್ತದೆ. ವರ್ಡ್, ಎಕ್ಸೆಲ್ ಥರದ ಲಿಬ್ರೆ ಆಫೀಸ್ ಕೂಡ ಪುಕ್ಕಟೆ. "ಹೊಸದು ಕೊಳ್ಳೋದು ಬೇಡ್ವಾ ಹಾಗಾದ್ರೆ?" ಅಂತ ಮೇಷ್ಟ್ರು ಎರಡು ಸಲ ಕೇಳಿದರು. ಬೇಡ ಸಾರ್ ಅಂದೆ. ಅವರ ಪಟ್ಟಿಯಲ್ಲಿ ಹಠ ಹಿಡಿಯುವಂಥದ್ದು ಯಾವುದೂ ಇರಲಿಲ್ಲ.

ತೋಟದ ಕಡೆ ಬಂದರೆ ಲೆಕ್ಕಾಚಾರವೇ ಬೇರೆ. ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ರೈಟರಿಗೆ ಟ್ಯಾಬ್ ಕೊಡಿಸಬೇಕು ಅಂತ ಬಂದರು. ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕದಲ್ಲಿ ಬರೆದದ್ದನ್ನು ರಾತ್ರಿ ಮತ್ತೆ ಕಂಪ್ಯೂಟರ್‌ಗೆ ಹಾಕುವ ಎರಡೆರಡು ಕೆಲಸ ತಪ್ಪಲಿ ಅಂತ. ಹಾಜರಿ, ಕೊಯ್ಲಿನ ಸಮಯದಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅನ್ನುವುದು, ಗೊಬ್ಬರದ ಸ್ಟಾಕು, ಇಂಚು ಸೆಂಟಿನಲ್ಲಿ ದಿನದ ಮಳೆ. ಇದೆಲ್ಲ ಸಾದಾ ಶೀಟಿನ ಕೆಲಸ. ಮ್ಯಾಕ್ರೊ ಬೇಡ. ಆಂಡ್ರಾಯ್ಡ್ ಟ್ಯಾಬ್ ಧಾರಾಳ ಸಾಕು. ಒಂದೇ ಷರತ್ತು, ಆ್ಯಪ್ ನೆಟ್ ಇಲ್ಲದೆಯೂ ಬರೆದಿಟ್ಟುಕೊಳ್ಳಬೇಕು, ಬಂಗಲೆಗೆ ಬಂದಾಗ ತಾನೇ ಕಳಿಸಬೇಕು. ಗೂಗಲ್ ಶೀಟ್ಸ್ ಆ್ಯಪ್‌ನಲ್ಲಿ ಫೈಲನ್ನು ಆಫ್‌ಲೈನ್ ಅಂತ ಗುರುತು ಮಾಡಿಟ್ಟರೆ ಅಷ್ಟು ಆಗುತ್ತದೆ.

ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು. ತೋಟದ ಗಡಿ ಸುತ್ತಿ ನಕ್ಷೆಯನ್ನೂ ಮಾಡಿಸಬೇಕು ಅಂತ. ಯೂರೋಪಿನ ಒಕ್ಕೂಟ 2023ರಲ್ಲಿ ಒಂದು ನಿಯಮ ತಂದಿದೆ. 2020ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್ ಮುಂತಾದವನ್ನು ಅಲ್ಲಿ ಮಾರುವಂತಿಲ್ಲ. ಕಾಫಿ ಎಲ್ಲಿ ಬೆಳೆದದ್ದು ಅಂತ ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕು. 4 ಹೆಕ್ಟೇರ್‌ವರೆಗೆ, ಅಂದರೆ ಸುಮಾರು 10 ಎಕರೆಯವರೆಗೆ, ಒಂದು ಬಿಂದು ಕೊಟ್ಟರೆ ಸಾಕು. ಅದಕ್ಕಿಂತ ದೊಡ್ಡದಾದರೆ ಇಡೀ ಗಡಿಯ ಆಕಾರ ಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ, ಆದರೂ ಬೆಳೆಗಾರರು ಸುಮ್ಮನೆ ಕೂತಿಲ್ಲ. ನಮ್ಮ ಕಾಫಿಯಲ್ಲಿ ದೊಡ್ಡ ಪಾಲು ಹೋಗುವುದು ಯೂರೋಪಿಗೇ ಅಲ್ವಾ.

ಈ ಒಂದು ಮಾತಿನಿಂದ ಪಟ್ಟಿಯೇ ತಿರುಗಿತು. ಗಡಿ ಸುತ್ತುವ ಆ್ಯಪ್‌ಗೆ ಜಿಪಿಎಸ್ ಬೇಕು. ಅವರು ಮೊದಲು ಮನಸ್ಸು ಮಾಡಿದ್ದು ಬರೀ ವೈಫೈ ಇರುವ ಐಪ್ಯಾಡ್ ಮೇಲೆ. ಅದರಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಸಿಮ್ ಹಾಕುವ ಮಾದರಿಯ ಐಪ್ಯಾಡ್‌ನಲ್ಲಿ ಮಾತ್ರ ಇದೆ. ವೈಫೈ ಮಾದರಿ ಸುತ್ತಮುತ್ತಲಿನ ವೈಫೈ ಹೆಸರುಗಳನ್ನು ನೋಡಿ ತಾನೆಲ್ಲಿದ್ದೇನೆ ಅಂತ ಅಂದಾಜು ಮಾಡುತ್ತದೆ. ಪೇಟೆಯಲ್ಲಿ ಅದು ಸರಿಯಾಗಿಯೇ ತೋರಿಸುತ್ತದೆ. ಅಂಗಡಿಯಲ್ಲಿ ಮ್ಯಾಪ್ ತೆಗೆದು ನೋಡಿದರೆ ಅನುಮಾನವೇ ಬರುವುದಿಲ್ಲ. ಸಿಲ್ವರ್ ಮರದ ನೆರಳಿನಲ್ಲಿ, ಯಾವ ವೈಫೈಯೂ ಇಲ್ಲದ ಬ್ಲಾಕಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಡಬ್ಬಿಯ ಮೇಲಿನ ವಿವರದಲ್ಲಿ ಜಿಪಿಎಸ್ ಅನ್ನುವ ಪದ ಹುಡುಕಬೇಕು. ಲ್ಯಾಪ್‌ಟಾಪ್‌ಗಳಲ್ಲಂತೂ ಸಾಮಾನ್ಯವಾಗಿ ಇರುವುದೇ ಇಲ್ಲ.

ಅವರಿಗೆ ಸಿಮ್ ಹಾಕುವ, ಜಿಪಿಎಸ್ ಇರುವ, 10 ಇಂಚಿನ ಒಳಗಿನ ಆಂಡ್ರಾಯ್ಡ್ ಟ್ಯಾಬ್ ಹೇಳಿದೆ. ಅದರಲ್ಲಿ ಕ್ಯೂಫೀಲ್ಡ್ ಅನ್ನುವ ಉಚಿತ ಆ್ಯಪ್ ಹಾಕಿಕೊಂಡರೆ ನಡೆಯುತ್ತಾ ಗಡಿ ಬರೆಯಬಹುದು. ನೆಟ್ ಬೇಕಾಗಿಲ್ಲ. ಆಮೇಲೆ ಮನೆಯ ಕಂಪ್ಯೂಟರ್‌ನಲ್ಲಿ ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್ ಹಾಕಿ ಅದನ್ನು ನೇರ್ಪುಗೊಳಿಸಬಹುದು. ಅದೂ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬ್ಲಾಕುಗಳನ್ನು, ನೀರಿನ ಪೈಪ್ ಹೋದ ದಾರಿಯನ್ನು, ಹೊಸ ಗಿಡ ನೆಟ್ಟ ಕಡೆಯನ್ನು ಎಲ್ಲ ಒಂದೇ ನಕ್ಷೆಯಲ್ಲಿ ಇಟ್ಟುಕೊಳ್ಳಬಹುದು. ಇಷ್ಟು ಒಳ್ಳೆಯ ಸಾಫ್ಟ್‌ವೇರ್ ಪುಕ್ಕಟೆ ಸಿಗುವಾಗ ನಮ್ಮ ತೋಟಗಳಲ್ಲಿ ಇನ್ನೂ ಜಾಸ್ತಿ ಜನ ಬಳಸಬೇಕು ಅಂತ ನನಗೆ ತುಂಬ ಆಸೆ.

ಮಳೆಗಾಲಕ್ಕೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೂನ್ ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಟ್ಯಾಬ್ ಮೊಬೈಲಿನ ಪವರ್ ಬ್ಯಾಂಕ್‌ನಿಂದಲೇ ಚಾರ್ಜ್ ಆಗುತ್ತದೆ. ಲ್ಯಾಪ್‌ಟಾಪ್‌ಗೆ ಅಷ್ಟು ಸಾಲದು. ಇನ್ನು ಪರದೆ ಮೇಲೆ ನೀರು ಬಿದ್ದರೆ, ಕೈ ಒದ್ದೆ ಇದ್ದರೆ, ಟಚ್ ಕೆಲಸ ಸರಿಯಾಗಿ ಮಾಡುವುದಿಲ್ಲ. ಹೊರಗಿನ ಕೆಲಸಕ್ಕೆ ಮಳೆಗಾಲದಲ್ಲಿ ಪುಸ್ತಕ ಪೆನ್ಸಿಲ್ ಇಟ್ಟುಕೊಂಡರೇ ವಾಸಿ. ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್‌ಗಳು ಆಗಾಗ ನೆಟ್‌ಗೆ ಬಂದು ಲೈಸೆನ್ಸ್ ತೋರಿಸಬೇಕು ಅನ್ನುತ್ತವೆ. ಮೈಕ್ರೋಸಾಫ್ಟ್ 365 ತಿಂಗಳಿಗೆ ಒಮ್ಮೆಯಾದರೂ ಕೇಳುತ್ತದೆ. ನೆಟ್ ಬರದ ಮನೆಯಲ್ಲಿ ಇರುವವರು ಇದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ಕಾಲೇಜು ಮಕ್ಕಳ ಪ್ರಶ್ನೆ ಜೂನ್ ಬಂದರೆ ಶುರು. ನನ್ನ ಅಕ್ಕನ ಮಗಳು ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಸೇರಿದಾಗ ಐಪ್ಯಾಡ್ ಬೇಕು ಅಂದಳು. "ಮಾಮ, ಪೆನ್ನಲ್ಲಿ ನೋಟ್ಸ್ ಎಷ್ಟ್ ಚೆನ್ನಾಗ್ ಬರುತ್ತೆ ನೋಡಿ" ಅಂತ ಗೆಳತಿಯದು ತಂದು ತೋರಿಸಿದಳು. ಭಾವನಿಗೆ ಮ್ಯಾಕ್ ಕೊಡಿಸುವ ಮನಸ್ಸು. ಹತ್ತು ವರ್ಷ ಬಾಳಿಕೆ ಬರುತ್ತಂತೆ ಅಂತ. ನಾನು ಅವಳ ಸೀನಿಯರ್‌ಗಳಿಗೆ ಫೋನ್ ಮಾಡಿಸಿ ಮೂರನೇ ವರ್ಷದಲ್ಲಿ ಏನು ಬಳಸುತ್ತಾರೆ ಅಂತ ಕೇಳಿಸಿದೆ. ಕಟ್ಟಡದ ಲೆಕ್ಕ, ವಿನ್ಯಾಸ ಮಾಡುವ ಸ್ಟ್ಯಾಡ್ ಪ್ರೊ, ಈಟ್ಯಾಬ್ಸ್, ರೆವಿಟ್. ಮೂರೂ ವಿಂಡೋಸ್‌ನವು. ಆಟೋಕ್ಯಾಡ್ ಮ್ಯಾಕ್‌ಗೂ ಇದೆ, ಇವು ಇಲ್ಲ. ಮೊದಲು ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಅಂತ ವಿಂಡೋಸ್ ಹಾಕಿಕೊಳ್ಳುವ ದಾರಿ ಇತ್ತು. 2020ರ ಕೊನೆಯಲ್ಲಿ ಎಂ1 ಚಿಪ್ ಬಂದ ಮೇಲೆ ಹೊಸ ಮ್ಯಾಕ್‌ಗಳಲ್ಲಿ ಆ ದಾರಿ ಮುಚ್ಚಿತು. ಬೇರೆ ಸಾಫ್ಟ್‌ವೇರ್ ಕೊಂಡು ಅದರೊಳಗೆ ಆರ್ಮ್ ವಿಂಡೋಸ್ ಹಾಕಬಹುದು, ಅದಕ್ಕೆ ಬೇರೆ ಖರ್ಚು. ಎಂಜಿನಿಯರಿಂಗ್ ಲೆಕ್ಕ ಮಾಡುವ ಭಾರದ ಸಾಫ್ಟ್‌ವೇರ್‌ಗಳನ್ನು ಹಾಗೆ ಎರಡು ಪದರದೊಳಗೆ ಓಡಿಸಬೇಕು ಅಂತ ನಾನು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ.

ಅವಳಿಗೆ 16 ಜಿಬಿ ರ್‍ಯಾಮ್ ಇರುವ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್ ಬಂತು. ಮೊದಲು ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡಳು, ಪಾಪ. ಅದೇ ಹಾಸನದಲ್ಲಿ ಮೆಡಿಕಲ್ ಓದುವ ಹುಡುಗನಿಗೆ ನಾನೇ ಐಪ್ಯಾಡ್ ಹೇಳಿದ್ದೇನೆ. ದಪ್ಪ ದಪ್ಪ ಪುಸ್ತಕದ ಪಿಡಿಎಫ್, ಚಿತ್ರದ ಮೇಲೆ ಗುರುತು ಮಾಡುವುದು, ವೀಡಿಯೊ. ಅವನ ಪಟ್ಟಿಯಲ್ಲಿ ವಿಂಡೋಸ್ ಬೇಕೇ ಬೇಕು ಅನ್ನುವಂಥದ್ದು ಒಂದೂ ಇರಲಿಲ್ಲ. ಯಾವ ಕಾಲೇಜು ಅನ್ನುವುದಕ್ಕಿಂತ ಯಾವ ಕೋರ್ಸು, ಅದರಲ್ಲೂ ಮೂರನೇ ವರ್ಷದ ಲ್ಯಾಬ್‌ನಲ್ಲಿ ಏನಿದೆ ಅನ್ನುವುದನ್ನು ಕೇಳಿ. ಮೊದಲ ವರ್ಷದ ಕೆಲಸ ಯಾವುದರಲ್ಲಾದರೂ ನಡೆದುಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳುವವರು ಈಗ ಜಾಸ್ತಿ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ, ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಗಟ್ಟಿಯಾಗಿರುತ್ತವೆ, ಕೀಬೋರ್ಡ್ ಚೆನ್ನಾಗಿರುತ್ತದೆ. ನಾನು ಬೇಡ ಅನ್ನುವುದಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಯಂತ್ರದಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಾದರೆ, ಬ್ಯಾಂಕು ಮತ್ತು ತೆರಿಗೆಯ ಕೆಲಸಕ್ಕೆ ಕೊಳ್ಳಬೇಡಿ. ಮೇಷ್ಟ್ರಿಗೆ ಮಾಡಿದ ಹಾಗೆ ಲಿನಕ್ಸ್ ಹಾಕಿಕೊಂಡು ಬರೆಯುವುದಕ್ಕೆ ಇಟ್ಟುಕೊಳ್ಳಬಹುದು. ತೆಳುವಾದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. 64 ಜಿಬಿ ಸ್ಟೋರೇಜ್ ಇರುವ ಅಗ್ಗದ ವಿಂಡೋಸ್ ಯಂತ್ರಗಳನ್ನು ಮುಟ್ಟಲೇಬೇಡಿ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳಿಗೇ ಅದರಲ್ಲಿ ಬಹುಪಾಲು ಹೋಗುತ್ತದೆ.

ಪಟ್ಟಿ ಹಿಡಿದು ಅಂಗಡಿಗೆ ಹೋಗುವಾಗ ಜೊತೆಗೆ ಒಂದು ಪೆನ್ ಡ್ರೈವ್ ಒಯ್ಯಿರಿ. ಅದರಲ್ಲಿ ನಿಮ್ಮದೇ ಫೈಲುಗಳಿರಲಿ. ಸಂಬಳದ ಶೀಟು, ನುಡಿಯಲ್ಲಿ ಮಾಡಿದ ಒಂದು ಪತ್ರ, ಒಂದು ದೊಡ್ಡ ಪಿಡಿಎಫ್. ಡಿಎಸ್‌ಸಿ ಇರುವವರು ಡಾಂಗಲ್ ಮತ್ತು ಅದರ ಡ್ರೈವರ್ ಎರಡನ್ನೂ ಒಯ್ಯಿರಿ. ಟ್ಯಾಲಿಯನ್ನು ಲೈಸೆನ್ಸ್ ಇಲ್ಲದೆಯೂ ಎಜುಕೇಶನಲ್ ಮೋಡ್‌ನಲ್ಲಿ ಹಾಕಿ ನೋಡಬಹುದು. ತೋರಿಸಲು ಇಟ್ಟ ಯಂತ್ರದಲ್ಲಿ ಇದನ್ನೆಲ್ಲ ನೋಡಲು ಬಿಡುತ್ತೀರಾ ಅಂತ ಕೇಳಿ. ನಮ್ಮ ಊರಿನ ಅಂಗಡಿಗಳಲ್ಲಿ ಪರಿಚಯದ ಮುಖ ಅಂದರೆ ಬಿಡುತ್ತಾರೆ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಕಮ್ಮಿಗೆ ಸಿಕ್ಕರೂ ಇಲ್ಲೇ ಕೊಳ್ಳಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಹಠಮಾರಿ ಸಾಫ್ಟ್‌ವೇರ್ ಕಣ್ಣೆದುರು ಓಡುವುದನ್ನು ನೋಡಿ, ಆಮೇಲೆ ಬಿಲ್ ಮಾಡಿಸಿ.